ಕೂಪರ್ಸ್‌ಟೌನ್‌ನ ಬಾಗಿಲು

ಅಮೆರಿಕದ ನ್ಯೂಯಾರ್ಕ್ ರಾಜ್ಯದಲ್ಲಿ ಕೂಪರ್ಸ್‌ಟೌನ್ ಎಂಬ ಪುಟ್ಟ ಊರಿದೆ. ‘ಹಾಲ್ ಆಫ್ ಫೇಮ್’ ಎಂದು ಕರೆಯಲಾಗುವ ಬೇಸ್‌ಬಾಲ್ ಕೀರ್ತಿಮಂದಿರ ಅಲ್ಲಿ 1939ರಲ್ಲಿ ಆರಂಭವಾಯಿತು. ಆಯ್ಕೆಯಾದವರ ಮುಖವನ್ನು ಮೂಡಿಸಿದ ಕಂಚಿನ ಫಲಕಗಳು ಅದರ ಗೋಡೆಗಳ ಮೇಲೆ ಸಾಲಾಗಿವೆ. ನಿವೃತ್ತ ಆಟಗಾರನಿಗೆ ಅದಕ್ಕಿಂತ ದೊಡ್ಡ ಗೌರವವಿಲ್ಲ. ಆದರೆ ಆ ಬಾಗಿಲ ಬೀಗದ ಕೈ ಇರುವುದು ಮುಖ್ಯವಾಗಿ ಪತ್ರಕರ್ತರ ಬಳಿ!

ಬೇಸ್‌ಬಾಲ್ ಬರಹಗಾರರ ಸಂಘದಲ್ಲಿ 10 ವರ್ಷ ಸದಸ್ಯರಾಗಿದ್ದವರಿಗೆ ಮತದಾನದ ಹಕ್ಕು. ಅಭ್ಯರ್ಥಿಯು ‘ಮೇಜರ್ ಲೀಗ್’ನಲ್ಲಿ ಕನಿಷ್ಠ 10 ಋತು ಆಡಿರಬೇಕು, ಆಟ ಬಿಟ್ಟು 5 ವರ್ಷ ಕಳೆದಿರಬೇಕು. ಒಬ್ಬ ಮತದಾರ 10 ಹೆಸರುಗಳವರೆಗೆ ಗುರುತಿಸಬಹುದು. ಗೆಲ್ಲಲು ಶೇ 75 ಮತ ಬೇಕು. ಶೇ 5ಕ್ಕಿಂತ ಕಡಿಮೆ ಬಂದರೆ ಹೆಸರು ಪಟ್ಟಿಯಿಂದಲೇ ಹೊರಗೆ. ಮತದಾರರು ಬಲು ಬಿಗಿ. 1936ರ ಮೊದಲ ಚುನಾವಣೆಯಲ್ಲಿ ಬೇಬ್ ರೂತ್‌ನಂಥವನಿಗೇ 226ರಲ್ಲಿ 11 ಮತ ತಪ್ಪಿತು. ಎಲ್ಲ ಮತಗಳನ್ನೂ ಪಡೆದ ಮೊದಲಿಗ ಮರಿಯಾನೊ ರಿವೆರಾ, ಅದೂ 2019ರಲ್ಲಿ.

ಈ ನಿಯಮಗಳಲ್ಲಿ ಮೇಲ್ನೋಟಕ್ಕೆ ನಿರುಪದ್ರವಿಯಾಗಿ ಕಾಣುವ ‘ಮೇಜರ್ ಲೀಗ್‌ನಲ್ಲಿ 10 ಋತು’ ಎಂಬುದೇ ಹಲವರಿಗೆ ಮುಳುವಾಯಿತು. 1947ರ ಏಪ್ರಿಲ್‌ನಲ್ಲಿ ಜಾಕಿ ರಾಬಿನ್ಸನ್ ಕಣಕ್ಕಿಳಿಯುವವರೆಗೆ, ಅರ್ಧ ಶತಮಾನಕ್ಕೂ ಮಿಕ್ಕಿ, ಆ ಲೀಗ್‌ಗಳು ಕಪ್ಪು ಜನರನ್ನು ಸೇರಿಸುತ್ತಿರಲಿಲ್ಲ. ಅವರು ತಮ್ಮದೇ ‘ನೀಗ್ರೊ ಲೀಗ್’ಗಳಲ್ಲಿ ಆಡಿದರು. ರಾಬಿನ್ಸನ್ ಸರಿಯಾಗಿ 10 ಋತು ಆಡಿ 1962ರಲ್ಲಿ ಆಯ್ಕೆಯಾದ. ಚೆಂಡೆಸೆತದಲ್ಲಿ ಅಸಾಮಾನ್ಯನಾಗಿದ್ದ ಸ್ಯಾಚೆಲ್ ಪೇಜ್‌ಗೆ ಅವಕಾಶ ಸಿಕ್ಕಾಗ ವಯಸ್ಸು 42. ಭಾರಿ ಹೊಡೆತಗಳ ಜಾಷ್ ಗಿಬ್ಸನ್ ಅದೇ 1947ರ ಜನವರಿಯಲ್ಲಿ, 35ರ ಪ್ರಾಯದಲ್ಲೇ ತೀರಿಕೊಂಡಿದ್ದ. ಬಾಗಿಲು ಮುಚ್ಚಿದವರೇ, ‘ನೀವು ಒಳಗೆ ಹತ್ತು ವರ್ಷ ಇರಲಿಲ್ಲವಲ್ಲ’ ಎಂದಂತಾಯಿತು.

1966ರಲ್ಲಿ ಈ ಗೌರವ ಸ್ವೀಕರಿಸಿದ ಟೆಡ್ ವಿಲಿಯಮ್ಸ್ ತನ್ನ ಭಾಷಣದಲ್ಲಿ ಪೇಜ್ ಮತ್ತು ಗಿಬ್ಸನ್‌ರ ಹೆಸರೆತ್ತಿದ. ಅವಕಾಶ ಸಿಗದ್ದರಿಂದ ಮಾತ್ರವೇ ಅವರು ಇಲ್ಲಿಲ್ಲ, ಎಂದಾದರೂ ಅವರೂ ಸೇರಲಿ ಎಂಬುದು ಆತನ ಮಾತಿನ ಸಾರ. ಬಿಳಿಯ ತಾರೆಯೊಬ್ಬ ಆ ವೇದಿಕೆಯಲ್ಲಿ ಹಾಗೆ ಹೇಳಿದ್ದು ಸಣ್ಣ ಸಂಗತಿಯಲ್ಲ.

1971ರಲ್ಲಿ ವಿಶೇಷ ಸಮಿತಿಯೊಂದು ಪೇಜ್‌ನನ್ನು ಆರಿಸಿತು. ಆದರೆ ಇಂಥವರಿಗೆ ಬೇರೆಯೇ ಒಂದು ಪ್ರದರ್ಶನ ವಿಭಾಗ ಎಂಬ ಯೋಚನೆಯಿತ್ತು. ಕೀರ್ತಿಯಲ್ಲೂ ಪಂಕ್ತಿಭೇದ! ಪ್ರತಿಭಟನೆ ಎದ್ದಿತು, ಸಮಾರಂಭದ ಹೊತ್ತಿಗೆ ಆ ಯೋಚನೆ ಬಿದ್ದುಹೋಗಿ, ಆತ ಪೂರ್ಣ ಸದಸ್ಯನಾದ. ಮರುವರ್ಷ ಗಿಬ್ಸನ್‌ನ ಫಲಕವೂ ಗೋಡೆಯೇರಿತು, ಆತ ತೀರಿಕೊಂಡ 25 ವರ್ಷಗಳ ನಂತರ.