ಅಂಗಳದಲ್ಲಿ ಕಂಡುಬರುವ ಹಕ್ಕಿಮರಿಗಳು: ಸಾರ್ವಜನಿಕರ ತಿಳಿವಳಿಕೆಗಾಗಿ

ರಾಜಾಜಿನಗರ, ವಿಜಯನಗರ, ಬಸವೇಶ್ವರನಗರ ಹಾಗೂ ಕೆಂಗೇರಿ ಪ್ರದೇಶಗಳಲ್ಲಿ ಬೇಸಿಗೆ ಆರಂಭವಾದಂದಿನಿಂದ ಮುಂಗಾರು ನೆಲೆಗೊಳ್ಳುವವರೆಗೆ ಮನೆಯಂಗಳ, ಮಹಡಿ, ವಾಹನ ನಿಲ್ಲಿಸುವ ಜಾಗ ಮುಂತಾದ ಕಡೆಗಳಲ್ಲಿ ಸರಿಯಾಗಿ ಹಾರಲಾರದ ಹಕ್ಕಿಮರಿಗಳು ಕಂಡುಬರುವುದು ಸಾಮಾನ್ಯ. ಏಪ್ರಿಲ್–ಮೇ ತಿಂಗಳ ಗಾಳಿಮಳೆಯ ಮರುದಿನ ಇವುಗಳ ಸಂಖ್ಯೆ ಇನ್ನೂ ಹೆಚ್ಚು. ಇಂತಹ ಮರಿಯನ್ನು ಕಂಡ ನಾಗರಿಕರು ಕರುಣೆಯಿಂದ ಅದನ್ನು ಎತ್ತಿ ಮನೆಯೊಳಗೆ ತರುತ್ತಾರೆ. ಆದರೆ ಹೀಗೆ ತರಲಾಗುವ ಅನೇಕ ಮರಿಗಳ ತಂದೆತಾಯಿ ಹಕ್ಕಿಗಳು ಹತ್ತಿರದಲ್ಲಿಯೇ ಇರುತ್ತವೆ. ಆದ್ದರಿಂದ ಮರಿಯನ್ನು ಮುಟ್ಟುವ ಮೊದಲು ಅದು ಯಾವ ಹಂತದಲ್ಲಿದೆ ಎಂಬುದನ್ನು ಗಮನಿಸತಕ್ಕದ್ದು.

ಗೂಡಿನ ಮರಿ ಮತ್ತು ಗೂಡು ಬಿಟ್ಟ ಮರಿ

ಮೈಮೇಲೆ ಪುಕ್ಕಗಳಿಲ್ಲದ ಅಥವಾ ಅಲ್ಲಲ್ಲಿ ಮೊಳಕೆಯಂತೆ ಪುಕ್ಕ ಬರುತ್ತಿರುವ, ಕಾಲೂರಿ ನಿಲ್ಲಲಾರದ ಮರಿಯು ಗೂಡಿನ ಮರಿಯಾಗಿರುತ್ತದೆ. ಇದು ಆಕಸ್ಮಿಕವಾಗಿ ಬಿದ್ದಿರುತ್ತದೆ. ಇದಕ್ಕೆ ನೆರವು ಬೇಕು. ಮೈತುಂಬ ಪುಕ್ಕ ಬಂದು, ಬಾಲ ಮಾತ್ರ ಮೋಟಾಗಿದ್ದು, ಕುಪ್ಪಳಿಸುತ್ತ, ಗಿಡದ ಕೊಂಬೆಯನ್ನು ಬೆರಳುಗಳಿಂದ ಹಿಡಿದು ಕೂರಬಲ್ಲ ಮರಿಯು ಗೂಡು ಬಿಟ್ಟ ಮರಿ. ಇದು ಬಿದ್ದದ್ದಲ್ಲ, ತಾನಾಗಿಯೇ ಹೊರಬಂದದ್ದು.

ಈ ಪ್ರದೇಶದ ಮನೆಗಳ ಹೂಕುಂಡಗಳಲ್ಲಿ, ಬಾಲ್ಕನಿಯ ಬಳ್ಳಿಗಳಲ್ಲಿ ಗೂಡು ಕಟ್ಟುವ ಪಿಕಳಾರದ ಮರಿಗಳು ಮೊಟ್ಟೆಯೊಡೆದ ಸುಮಾರು 12 ದಿನಗಳಲ್ಲಿ, ಅಂದರೆ ಹಾರುವುದನ್ನು ಪೂರ್ತಿ ಕಲಿಯುವ ಮೊದಲೇ, ಗೂಡು ಬಿಡುತ್ತವೆ. ನಂತರದ ಕೆಲವು ದಿನಗಳನ್ನು ಅವು ಪೊದೆಗಳಲ್ಲಿಯೂ ನೆಲದ ಮೇಲೆಯೂ ಕಳೆಯುತ್ತವೆ. ತಂದೆತಾಯಿ ಹಕ್ಕಿಗಳು ಅಲ್ಲಿಗೇ ಬಂದು ಹುಳುಹುಪ್ಪಟೆ ತಿನ್ನಿಸುತ್ತವೆ. ಆಹಾರ ಹುಡುಕುವುದನ್ನೂ ಬೆಕ್ಕು ಕಂಡಾಗ ಅಡಗುವುದನ್ನೂ ಮರಿ ಕಲಿಯುವುದು ಈ ದಿನಗಳಲ್ಲಿಯೇ. ಮನೆಯೊಳಗೆ ಎಷ್ಟೇ ಅಕ್ಕರೆಯಿಂದ ಸಾಕಿದರೂ ಈ ಪಾಠವನ್ನು ಮನುಷ್ಯರು ಹೇಳಿಕೊಡಲಾರರು.

ಆದುದರಿಂದ ಗಾಯವಿಲ್ಲದ ಗೂಡು ಬಿಟ್ಟ ಮರಿಯನ್ನು ಇದ್ದಲ್ಲಿಯೇ ಬಿಡುವುದು ಸೂಕ್ತ. ರಸ್ತೆಯ ಮಧ್ಯೆ ಇದ್ದಲ್ಲಿ ಮಾತ್ರ ಹತ್ತಿರದ ಗಿಡದ ಮೇಲೆ ಕೂರಿಸಬಹುದು. ಸಾಕುನಾಯಿ, ಬೆಕ್ಕುಗಳನ್ನು ಕೆಲವು ದಿನ ಒಳಗೆ ಕಟ್ಟಿಹಾಕುವುದು ಹಾಗೂ ಮಕ್ಕಳನ್ನು ದೂರವಿರಿಸುವುದು ಅತ್ಯಂತ ಉಪಯುಕ್ತ ಸಹಾಯವಾಗಿದೆ. ಕಾಗೆಯ ಮರಿ ಕೆಳಗಿಳಿದಿದ್ದಾಗ ದೊಡ್ಡ ಕಾಗೆಗಳು ದಾರಿಹೋಕರ ತಲೆಗೆ ಎರಗುವುದುಂಟು. ಇದು ಕೆಲವೇ ದಿನಗಳ ತೊಂದರೆಯಾಗಿದ್ದು, ಅಷ್ಟರ ಮಟ್ಟಿಗೆ ಕೊಡೆ ಹಿಡಿದು ಓಡಾಡಿದರೆ ಸಾಕು.

ಗೂಡಿಗೆ ಮರಳಿಸುವ ಬಗ್ಗೆ

ಮನುಷ್ಯರು ಮುಟ್ಟಿದ ಮರಿಯನ್ನು ತಾಯಿ ಹಕ್ಕಿ ಸೇರಿಸಿಕೊಳ್ಳುವುದಿಲ್ಲ ಎಂಬ ನಂಬಿಕೆ ವ್ಯಾಪಕವಾಗಿದೆ. ಇದು ಸರಿಯಲ್ಲ. ಹಕ್ಕಿಗಳು ಮರಿಯ ಕೂಗನ್ನೂ ಗೂಡಿನ ಸ್ಥಳವನ್ನೂ ಆಧರಿಸಿ ಬರುತ್ತವೆಯೇ ಹೊರತು ಕೈವಾಸನೆಯ ಕಾರಣದಿಂದ ಮರಿಯನ್ನು ತೊರೆಯುವುದಿಲ್ಲ. ಗೂಡು ಕೈಗೆಟುಕುವಂತಿದ್ದಲ್ಲಿ ಬಿದ್ದ ಮರಿಯನ್ನು ಅದರಲ್ಲಿಯೇ ಇರಿಸತಕ್ಕದ್ದು. ಗೂಡು ಹಾಳಾಗಿದ್ದಲ್ಲಿ ಸಣ್ಣ ಬಿದಿರಿನ ಬುಟ್ಟಿ ಅಥವಾ ತಳದಲ್ಲಿ ತೂತುಗಳಿರುವ ಡಬ್ಬಿಯಲ್ಲಿ ಒಣಹುಲ್ಲು ಹಾಕಿ, ಹಳೆಯ ಗೂಡಿದ್ದ ಕೊಂಬೆಗೆ ಅಥವಾ ಅದರ ಸಮೀಪ ನೆರಳಿರುವ ಕಡೆ ಭದ್ರವಾಗಿ ಕಟ್ಟಬಹುದು. ಅನಂತರ ದೂರ ಸರಿದು, ಸಾಧ್ಯವಾದರೆ ಕಿಟಕಿಯ ಹಿಂದಿನಿಂದ, ಒಂದೆರಡು ಗಂಟೆ ಗಮನಿಸಬೇಕು. ಬುಟ್ಟಿಯ ಪಕ್ಕದಲ್ಲಿಯೇ ನಿಂತು ಕಾಯುವವರು ಇರುವವರೆಗೆ ಹಕ್ಕಿಗಳು ಬರುವುದಿಲ್ಲ.

ಚಿಕಿತ್ಸೆ ಅಗತ್ಯವಿರುವ ಸಂದರ್ಭಗಳು

ರಕ್ತಸ್ರಾವ, ಜೋತುಬಿದ್ದ ರೆಕ್ಕೆ, ಗಾಳಿಪಟದ ಮಾಂಜಾ ದಾರದಿಂದಾದ ಗಾಯ, ಮೈಮೇಲೆ ಇರುವೆ ಮುತ್ತಿರುವುದು, ತಂದೆತಾಯಿ ಹಕ್ಕಿ ಸತ್ತಿರುವುದು ಖಚಿತವಾಗಿರುವುದು, ಇವು ತಡಮಾಡದೆ ನೆರವು ಕೋರಬೇಕಾದ ಸಂದರ್ಭಗಳು. ಬೆಕ್ಕು ಬಾಯಿ ಹಾಕಿದ ಮರಿಯಲ್ಲಿ ಹೊರಗೆ ಗಾಯ ಕಾಣದಿದ್ದರೂ ಬೆಕ್ಕಿನ ಹಲ್ಲಿನ ರೋಗಾಣುಗಳಿಂದ ರಕ್ತ ನಂಜಾಗಿ ಒಂದೆರಡು ದಿನಗಳಲ್ಲಿ ಮರಿ ಸಾಯುವ ಸಂಭವವಿರುವುದರಿಂದ ಅದೇ ದಿನ ಚಿಕಿತ್ಸೆ ಕೊಡಿಸತಕ್ಕದ್ದು.

ಅಲ್ಲಿಯವರೆಗೆ ಮರಿಯನ್ನು ಗಾಳಿಯಾಡುವ ರಟ್ಟಿನ ಪೆಟ್ಟಿಗೆಯಲ್ಲಿ ಹತ್ತಿಬಟ್ಟೆ ಹಾಸಿ, ಕತ್ತಲೆಯಾಗಿ, ಬೆಚ್ಚಗೆ, ಸದ್ದಿಲ್ಲದ ಕೋಣೆಯಲ್ಲಿ ಇರಿಸಬೇಕು. ಪದೇ ಪದೇ ತೆರೆದು ನೋಡಬಾರದು. ಕೊಕ್ಕು ಬಿಡಿಸಿ ನೀರು ಹಾಕುವುದು ಅಪಾಯಕಾರಿ: ಹಕ್ಕಿಯ ಶ್ವಾಸನಾಳದ ದ್ವಾರ ನಾಲಿಗೆಯ ಹಿಂದೆಯೇ ಇದ್ದು, ನೀರು ಶ್ವಾಸಕೋಶಕ್ಕೆ ಇಳಿಯುತ್ತದೆ. ಹಾಲು ಹಕ್ಕಿಗಳಿಗೆ ಜೀರ್ಣವಾಗುವುದಿಲ್ಲ. ಹಾಲಿನಲ್ಲಿ ನೆನೆಸಿದ ಬ್ರೆಡ್ಡು, ಮೊಸರನ್ನ ಇತ್ಯಾದಿಗಳನ್ನು ಸದುದ್ದೇಶದಿಂದಲೇ ಕೊಡಲಾಗುತ್ತದೆಯಾದರೂ ಕೊಡತಕ್ಕದ್ದಲ್ಲ.

ಕೆಲವು ಹಕ್ಕಿಗಳ ವಿಷಯದಲ್ಲಿ ಪ್ರತ್ಯೇಕ ಎಚ್ಚರಿಕೆ ಬೇಕು. ಹದ್ದಿನ ಮರಿಯ ಉಗುರುಗಳು ಚುಚ್ಚುವುದರಿಂದ ಬರಿಗೈಯಲ್ಲಿ ಹಿಡಿಯದೆ, ಅದರ ಮೇಲೆ ದಪ್ಪ ಬಟ್ಟೆ ಹೊದಿಸಿ ಸಿಬ್ಬಂದಿಗೆ ಕರೆ ಮಾಡುವುದು. ಹಳೆಯ ಕಟ್ಟಡಗಳ ಸಂದುಗಳಲ್ಲಿಯೂ ವಸತಿ ಸಮುಚ್ಚಯಗಳ ಗಾಳಿಕಿಂಡಿಗಳಲ್ಲಿಯೂ ಮರಿ ಮಾಡುವ ಕಣಜಗೂಬೆಯ ಮರಿಗಳು ಹಾವಿನಂತೆ ಬುಸುಗುಟ್ಟುತ್ತವೆ. ಹಾವೆಂದು ಹೆದರಿಯೋ ಅಪಶಕುನವೆಂದು ಭಾವಿಸಿಯೋ ಅವುಗಳನ್ನು ಓಡಿಸಬಾರದು. ಇಲಿಗಳನ್ನೇ ಮುಖ್ಯವಾಗಿ ತಿಂದು ಬದುಕುವ ಈ ಹಕ್ಕಿಯಿಂದ ನಗರವಾಸಿಗಳಿಗೆ ಪ್ರಯೋಜನವೇ ಹೆಚ್ಚು. ಬಾನಾಡಿಯ ಕಾಲುಗಳು ಬಹಳ ಗಿಡ್ಡವಾದ್ದರಿಂದ ನೆಲಕ್ಕೆ ಬಿದ್ದ ಬೆಳೆದ ಹಕ್ಕಿಯೂ ಮೇಲೇರಲು ಕಷ್ಟಪಡುತ್ತದೆ. ಆದ್ದರಿಂದ ಇದನ್ನು ಮಾತ್ರ ನೆಲದಲ್ಲಿ ಬಿಡದೆ ನೆರವು ಕೋರುವುದು.

ಕಾನೂನು ಮತ್ತು ಸಂಪರ್ಕ

ವನ್ಯಜೀವಿ (ಸಂರಕ್ಷಣೆ) ಅಧಿನಿಯಮ, 1972ರಲ್ಲಿ ‘ಬೇಟೆ’ ಎಂಬ ಪದದ ಅರ್ಥವು ಕೊಲ್ಲುವುದಕ್ಕಷ್ಟೇ ಸೀಮಿತವಲ್ಲ. ಹಿಡಿಯುವುದು, ಮೊಟ್ಟೆಗೆ ಹಾನಿ ಮಾಡುವುದು, ಗೂಡನ್ನು ಕದಡುವುದು ಸಹ ಅದರಲ್ಲಿ ಸೇರಿವೆ. ಕಾಗೆಯನ್ನೂ ಉಪದ್ರವಕಾರಿ ಎಂದು ಸೇರಿಸಿದ್ದ ಹಿಂದಿನ ಐದನೆಯ ಅನುಸೂಚಿಯು 2022ರ ತಿದ್ದುಪಡಿಯಿಂದ ತೆಗೆದುಹಾಕಲ್ಪಟ್ಟಿದ್ದು, ತಿದ್ದುಪಡಿಯು 2023ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಪೊಟರೆಯಿಂದ ಬಿದ್ದ ಗಿಣಿಮರಿಯನ್ನು ಪಂಜರದಲ್ಲಿಟ್ಟು ಮಾತು ಕಲಿಸುವುದು ಈಗಲೂ ಅನೇಕ ಮನೆಗಳಲ್ಲಿ ವಾಡಿಕೆಯಲ್ಲಿದೆ, ಇದು ಕಾನೂನುಬಾಹಿರ. ಸಂರಕ್ಷಿತ ವನ್ಯಜೀವಿಯು ಯಾವುದೇ ರೀತಿಯಲ್ಲಿ ವಶಕ್ಕೆ ಬಂದಲ್ಲಿ 39ನೆಯ ಪ್ರಕರಣದಂತೆ 48 ಗಂಟೆಗಳೊಳಗೆ ಹತ್ತಿರದ ಪೊಲೀಸ್ ಠಾಣೆಗೆ ಅಥವಾ ಅಧಿಕೃತ ಅಧಿಕಾರಿಗೆ ತಿಳಿಸಬೇಕು. ರಕ್ಷಿಸಿದ ಮರಿಯನ್ನು ತಡಮಾಡದೆ ಒಪ್ಪಿಸಿದವರು ಆತಂಕಪಡಬೇಕಾದ ಅಗತ್ಯವಿಲ್ಲ.

ಅರಣ್ಯ ಇಲಾಖೆಯ ಸಹಾಯವಾಣಿ ಸಂಖ್ಯೆ 1926. ನಗರದ ಪಶ್ಚಿಮ ಭಾಗದವರಿಗೆ ಸಮೀಪವಿರುವ ಚಿಕಿತ್ಸಾ ಕೇಂದ್ರವೆಂದರೆ ಉತ್ತರಹಳ್ಳಿ–ಕೆಂಗೇರಿ ರಸ್ತೆಯಲ್ಲಿರುವ ಪೀಪಲ್ ಫಾರ್ ಅನಿಮಲ್ಸ್ ಸಂಸ್ಥೆಯ ವನ್ಯಜೀವಿ ಆಸ್ಪತ್ರೆ. ಕರೆ ಮಾಡುವಾಗ ಮರಿ ದೊರೆತ ನಿಖರವಾದ ಸ್ಥಳವನ್ನು (ಅಡ್ಡರಸ್ತೆ, ಮುಖ್ಯರಸ್ತೆ, ಮರದ ಗುರುತು) ತಿಳಿಸುವುದು, ಏಕೆಂದರೆ ಗುಣಮುಖವಾದ ಮರಿಯನ್ನು ಸಾಧ್ಯವಾದಲ್ಲಿ ಅದೇ ಸ್ಥಳದಲ್ಲಿ ಬಿಡಬೇಕಾಗುತ್ತದೆ.

ಮರದ ಕೊಂಬೆ ಕತ್ತರಿಸಲು ಅಥವಾ ಮರ ತೆರವುಗೊಳಿಸಲು ಅರ್ಜಿ ಸಲ್ಲಿಸುವ ನಾಗರಿಕರು ಮರದಲ್ಲಿ ಗೂಡುಗಳಿದ್ದಲ್ಲಿ ಅದನ್ನು ಅರ್ಜಿಯಲ್ಲಿಯೇ ನಮೂದಿಸುವುದು ಒಳ್ಳೆಯದು. ಕರ್ನಾಟಕ ವೃಕ್ಷ ಸಂರಕ್ಷಣಾ ಅಧಿನಿಯಮ, 1976ರ ಪ್ರಕಾರ ಮರ ಕಡಿಯಲು ವೃಕ್ಷ ಅಧಿಕಾರಿಯ ಅನುಮತಿ ಕಡ್ಡಾಯ. 2025ರ ಸೆಪ್ಟೆಂಬರ್‌ನಲ್ಲಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯ ಬದಲಿಗೆ ಐದು ನಗರ ಪಾಲಿಕೆಗಳು ರಚನೆಯಾಗಿರುವುದರಿಂದ, ತಮ್ಮ ಬಡಾವಣೆ ಯಾವ ಪಾಲಿಕೆಗೆ ಸೇರಿದೆ ಎಂಬುದನ್ನು ಖಚಿತಪಡಿಸಿಕೊಂಡು ಅರ್ಜಿ ಸಲ್ಲಿಸಬೇಕು. ತುರ್ತು ಅಪಾಯವಿಲ್ಲದಿದ್ದಲ್ಲಿ, ಮರಿಗಳು ಹಾರಿಹೋಗುವವರೆಗೆ ಕೆಲವು ವಾರ ಕತ್ತರಿಸುವ ಕೆಲಸವನ್ನು ಮುಂದೂಡುವಂತೆ ಅರ್ಜಿಯಲ್ಲಿ ಕೋರಬಹುದು.