ಕಾಯಿಲೆ ರಜೆ ಯಾರಿಗುಂಟು?

ಜ್ವರ ಬಂದರೆ ನಾನು ಲೀವ್ ಹಾಕಿ ಮಲಗುತ್ತೇನೆ. ಈ ಹಕ್ಕಿಗೂ ಇತಿಹಾಸವಿದೆ. 1948ರ ಇಎಸ್‌ಐ ಕಾಯ್ದೆ ಕಾರ್ಖಾನೆ ಕಾರ್ಮಿಕರಿಗೆ ಕಾಯಿಲೆ ದಿನಗಳಲ್ಲೂ ದುಡ್ಡು ಸಿಗುವಂತೆ ಮಾಡಿತು. ಈಗದು ವರ್ಷಕ್ಕೆ 91 ದಿನದವರೆಗೆ, ಕೂಲಿಯ ಶೇ. 70. ಹೊಲದ ಕೂಲಿಯವರು ಹೊರಗೇ ಉಳಿದರು.

1953ರಲ್ಲಿ ತುಂಗಭದ್ರೆಯ ಕಾಲುವೆಗೆ ನೀರು ಬಂತು; ಕ್ರಮೇಣ ಗಂಗಾವತಿ ಭತ್ತದ ಕಣಜವಾಯಿತು. ದೇಶದ ಮಲೇರಿಯಾ ನಿಯಂತ್ರಣ ಕಾರ್ಯಕ್ರಮ ಶುರುವಾಗಿದ್ದೂ ಅದೇ ವರ್ಷ. ನಿಂತ ನೀರು ಸೊಳ್ಳೆಗೂ ಮನೆ ತಾನೇ? ಆದರೆ ನಾಟಿ ನಡೆಯೋದು ಗದ್ದೆಯ ಹದ ನೋಡಿ, ಆಳಿನ ಮೈ ನೋಡಿ ಅಲ್ಲ. ಕುಷ್ಟಗಿ, ಯಲಬುರ್ಗಾದ ಒಣ ಹೊಲ ಬಿಟ್ಟು ಗುಳೆ ಹೋದವರದೂ ಇದೇ ಪಾಡು: ಮಲಗಿದ ದಿನ ಕೂಲಿಯಿಲ್ಲ, ಒಲೆ ಮಾತ್ರ ಹಚ್ಚಲೇಬೇಕು.

‘ಮೈಯಾಗ ಆರಾಮಿಲ್ರಿ ಅಕ್ಕಾರ’ ಅಂತ ಮನೆಗೆಲಸದಾಕೆ ಫೋನ್ ಮಾಡಿದರೆ, ಆ ದಿನದ ಸಂಬಳ ಹಿಡಿಯುವ ಮುನ್ನ ನಮ್ಮ ಲೀವ್ ಬ್ಯಾಲೆನ್ಸ್ ಒಮ್ಮೆ ನೋಡಿಕೊಳ್ಳೋಣ.