ಲಘು ವಿಮಾನ ಹಾರಾಟ ತರಬೇತಿ

ಎರಡು ಅಥವಾ ನಾಲ್ಕು ಆಸನಗಳ, ಒಂದೇ ಪಿಸ್ಟನ್ ಎಂಜಿನ್‌ನ ಪುಟ್ಟ ವಿಮಾನದಲ್ಲಿ ಅರ್ಹ ತರಬೇತುದಾರರ ಪಕ್ಕದಲ್ಲಿ ಕುಳಿತು ಹಾರಾಟ ಕಲಿಯುವ ಕ್ರಮಕ್ಕೆ ಲಘು ವಿಮಾನ ಹಾರಾಟ ತರಬೇತಿ ಎನ್ನುತ್ತಾರೆ. ಮುಂದೆ ಪ್ರಯಾಣಿಕರ ಜೆಟ್ ನಡೆಸುವವರಿಗೂ ಹವ್ಯಾಸಕ್ಕಾಗಿ ಹಾರುವವರಿಗೂ ಮೊದಲ ಪಾಠಗಳು ಒಂದೇ. ತರಬೇತಿ ವಿಮಾನದಲ್ಲಿ ಎರಡು ಜೊತೆ ಚಾಲನಾ ಸಾಧನಗಳಿರುತ್ತವೆ. ಒಂದನ್ನು ಅಲುಗಿಸಿದರೆ ಇನ್ನೊಂದೂ ಅಲುಗುತ್ತದೆ. ಹೀಗಾಗಿ ವಿದ್ಯಾರ್ಥಿಯ ಕೈ ಮಾಡುತ್ತಿರುವುದು ತರಬೇತುದಾರರ ಕೈಗೆ ಗೊತ್ತಾಗುತ್ತದೆ, ಬೇಕೆಂದಾಗ ಅವರು ಹಿಡಿತವನ್ನು ಮರಳಿ ಪಡೆಯಬಹುದು. ವಿಮಾನ ಈಗ ಯಾರ ಕೈಯಲ್ಲಿದೆ ಎಂಬುದರಲ್ಲಿ ಸಂದೇಹಕ್ಕೆ ಎಡೆಯಿರಬಾರದು. ಅದಕ್ಕಾಗಿ ಒಪ್ಪಿಸುವವರು ‘ಯೂ ಹ್ಯಾವ್ ಕಂಟ್ರೋಲ್’ ಎನ್ನುತ್ತಾರೆ, ತೆಗೆದುಕೊಳ್ಳುವವರು ‘ಐ ಹ್ಯಾವ್ ಕಂಟ್ರೋಲ್’ ಎಂದು ಬಾಯಿಬಿಟ್ಟು ಹೇಳುತ್ತಾರೆ. ಈ ಹಿಡಿತವನ್ನು ಸ್ವಲ್ಪಸ್ವಲ್ಪವಾಗಿ, ಸರಿಯಾದ ಹೊತ್ತಿಗೆ ವಿದ್ಯಾರ್ಥಿಗೆ ಬಿಟ್ಟುಕೊಡುವುದೇ ತರಬೇತುದಾರರ ವಿದ್ಯೆ.

ವಿಮಾನಯಾನದ ಆರಂಭದ ವರ್ಷಗಳಲ್ಲಿ ಈ ವಿದ್ಯೆಗೆ ಗೊತ್ತಾದ ಪದ್ಧತಿ ಇರಲಿಲ್ಲ. ಮೊದಲ ಮಹಾಯುದ್ಧದಲ್ಲಿ ಬ್ರಿಟನ್ನಿನ ಅನೇಕ ಪೈಲಟ್‌ಗಳು ಯುದ್ಧಭೂಮಿ ಸೇರುವ ಮೊದಲೇ ತರಬೇತಿಯ ವೇಳೆ ಸತ್ತರು. 1917ರಲ್ಲಿ ಗಾಸ್ಪೋರ್ಟ್ ಎಂಬಲ್ಲಿ ರಾಬರ್ಟ್ ಸ್ಮಿತ್-ಬ್ಯಾರಿ ಎಂಬ ಅಧಿಕಾರಿ ಇದನ್ನು ತಿದ್ದಿದ. ಅಪಾಯದ ಸ್ಥಿತಿಗಳನ್ನು ವಿದ್ಯಾರ್ಥಿಯಿಂದ ಮುಚ್ಚಿಡದೆ, ತರಬೇತುದಾರರ ಜೊತೆಯಲ್ಲೇ ಅವುಗಳೊಳಗೆ ಹೋಗಿ ಹೊರಬರುವುದನ್ನು ಕಲಿಸಬೇಕೆಂಬುದು ಅವನ ನಿಲುವು. ಎಂಜಿನ್‌ನ ಸದ್ದಿನ ನಡುವೆ ಮಾತು ಕೇಳಲೆಂದು ಮಾತಿನ ಕೊಳವೆಯೂ ಅಲ್ಲಿ ಬಳಕೆಗೆ ಬಂತು. ಇಂದು ಕೊಳವೆಯ ಜಾಗಕ್ಕೆ ಹೆಡ್‌ಸೆಟ್ ಬಂದಿದೆ, ಪದ್ಧತಿಯ ತಿರುಳು ಬದಲಾಗಿಲ್ಲ.

ಕರ್ನಾಟಕದಲ್ಲಿ ಈ ಶಿಕ್ಷಣದ ಮೂಲಸ್ಥಾನ ಬೆಂಗಳೂರಿನ ಜಕ್ಕೂರು. ಮೈಸೂರಿನ ಮಹಾರಾಜ ಜಯಚಾಮರಾಜ ಒಡೆಯರ್ ಅವರು ಕೊಟ್ಟ ಇನ್ನೂರು ಎಕರೆಗೂ ಮೀರಿದ ನೆಲದಲ್ಲಿ, ಸ್ವಾತಂತ್ರ್ಯ ಬಂದ ಬೆನ್ನಲ್ಲೇ ಸರ್ಕಾರಿ ವೈಮಾನಿಕ ತರಬೇತಿ ಶಾಲೆ ನೆಲೆಗೊಂಡಿತು. ಕ್ಯಾಪ್ಟನ್ ವಿ. ಸುಂದರಂ ಅದರ ಪ್ರಾಂಶುಪಾಲರಾಗಿದ್ದರು. ಅವರ ಪತ್ನಿ ಉಷಾ ಸುಂದರಂ 1949ರಲ್ಲಿ ಅಲ್ಲಿಂದಲೇ ಪೈಲಟ್ ಪರವಾನಗಿ ಪಡೆದರು. 1951ರಲ್ಲಿ ದಂಪತಿ ಡಿ ಹ್ಯಾವಿಲೆಂಡ್ ಡವ್ ವಿಮಾನವನ್ನು ಇಂಗ್ಲೆಂಡಿನಿಂದ ಮುಂಬಯಿಗೆ 27 ಗಂಟೆಗಳಲ್ಲಿ ತಂದು ದಾಖಲೆ ಸ್ಥಾಪಿಸಿದರು. ಹೆಣ್ಣುಮಕ್ಕಳು ಹಾರಾಟ ಕಲಿಯುವುದು ಇಡೀ ದೇಶದಲ್ಲೇ ಅಪರೂಪವಾಗಿದ್ದ ಕಾಲದಲ್ಲಿ ಜಕ್ಕೂರಿಗೆ ದಕ್ಕಿದ ದೊಡ್ಡ ಹೆಮ್ಮೆ ಇದು.

ಕಲಿಸುವ ವಿಮಾನಗಳೂ ಬೆಂಗಳೂರಿನಲ್ಲೇ ಹುಟ್ಟಿದವು. ವಿ.ಎಂ. ಘಾಟಗೆ ಅವರ ನೇತೃತ್ವದಲ್ಲಿ ಹಿಂದುಸ್ತಾನ್ ಏರ್‌ಕ್ರಾಫ್ಟ್ ಸಂಸ್ಥೆ ರೂಪಿಸಿದ ಎಚ್‌ಟಿ-2 ವಿಮಾನ 1951ರ ಆಗಸ್ಟ್‌ನಲ್ಲಿ ಮೊದಲ ಬಾರಿ ಹಾರಿತು. 1958ರಲ್ಲಿ ಹಾರಿದ ಪುಷ್ಪಕ್, ಹಾರಾಟ ಕ್ಲಬ್ಬುಗಳಿಗೆಂದೇ ಮಾಡಿದ ಎರಡು ಆಸನದ ವಿಮಾನ. ಸುಮಾರು 160 ತಯಾರಾದವು. ಅನಂತರ ರಾಷ್ಟ್ರೀಯ ವೈಮಾನಿಕ ಪ್ರಯೋಗಾಲಯ (ಎನ್‌ಎಎಲ್) ಸಂಯುಕ್ತ ನಾರಿನ ಮೈಯ ಹಂಸ-3 ವಿಮಾನವನ್ನು ಅಭಿವೃದ್ಧಿಪಡಿಸಿತು. ಅದರ ಹೊಸ ಪೀಳಿಗೆಯಾದ ಹಂಸ-ಎನ್‌ಜಿ 2021ರ ಸೆಪ್ಟೆಂಬರ್ 3ರಂದು ಬೆಂಗಳೂರಿನ ಎಚ್‌ಎಎಲ್ ನಿಲ್ದಾಣದಿಂದ ಮೇಲೇರಿತು. ಇಷ್ಟಾದರೂ ದೇಶದ ಹೆಚ್ಚಿನ ಶಾಲೆಗಳಲ್ಲಿ ಇಂದು ಕಾಣುವುದು ಅಮೆರಿಕದ ಸೆಸ್ನಾ 152 ಮತ್ತು 172. ಸ್ವಂತ ವಿನ್ಯಾಸ ಕೈಯಲ್ಲಿದ್ದೂ ಅದನ್ನು ಸಾಕಷ್ಟು ಸಂಖ್ಯೆಯಲ್ಲಿ ಕಟ್ಟದೆ ಹೋದದ್ದು ನಮ್ಮ ವಿಮಾನೋದ್ಯಮದ ಕೊರತೆಯೆಂದೇ ಹೇಳಬೇಕು.

ಪಾಠ ಆರಂಭವಾಗುವುದು ನೆಲದ ಮೇಲೆ. ವಿದ್ಯಾರ್ಥಿ ಪಟ್ಟಿ ಹಿಡಿದು ವಿಮಾನಕ್ಕೆ ಒಂದು ಸುತ್ತು ಬರುತ್ತಾನೆ. ರೆಕ್ಕೆಯ ಅಂಚಿನ ಕೀಲುಗಳು, ಟೈರು, ಬ್ರೇಕು, ಪ್ರೊಪೆಲ್ಲರಿನ ಅಲಗು, ಎಂಜಿನ್ ಆಯಿಲ್ ಎಲ್ಲವನ್ನೂ ಮುಟ್ಟಿ ನೋಡುತ್ತಾನೆ. ಟ್ಯಾಂಕಿನ ತಳದಿಂದ ಸ್ವಲ್ಪ ಇಂಧನವನ್ನು ಪಾರದರ್ಶಕ ಬಟ್ಟಲಿಗೆ ಬಸಿದು, ನೀರು ಸೇರಿದೆಯೇ ಎಂದು ಪರೀಕ್ಷಿಸುತ್ತಾನೆ. ವಿಮಾನದ ಪೆಟ್ರೋಲ್‌ಗೆ ನೀಲಿ ಬಣ್ಣ ಹಾಕಿರುತ್ತಾರೆ. ನೀರಿದ್ದರೆ ಬಣ್ಣವಿಲ್ಲದ ಗುಳ್ಳೆಯಾಗಿ ಅಡಿಯಲ್ಲಿ ನಿಲ್ಲುತ್ತದೆ. ಎಂಜಿನ್ ಚಾಲೂ ಆದ ಮೇಲೆ ಕಿಡಿ ಕೊಡುವ ಎರಡು ಮ್ಯಾಗ್ನೆಟೋಗಳನ್ನು ಒಂದೊಂದಾಗಿ ಪರೀಕ್ಷಿಸಬೇಕು. ಒಂದು ಕೈಕೊಟ್ಟರೂ ಇನ್ನೊಂದರಿಂದ ಎಂಜಿನ್ ನಡೆಯಲೆಂದೇ ಎರಡನ್ನು ಇಟ್ಟಿರುತ್ತಾರೆ.

ಆಕಾಶದ ಮೊದಲ ಪಾಠಗಳು ಸಾಧನಗಳ ಪರಿಣಾಮ ತಿಳಿಯುವುದಕ್ಕೆ ಮೀಸಲು. ಎಲಿವೇಟರ್ ಮೂತಿಯನ್ನು ಏರಿಸಿ ಇಳಿಸುತ್ತದೆ, ಐಲರಾನ್‌ಗಳು ರೆಕ್ಕೆಯನ್ನು ಓರೆ ಮಾಡುತ್ತವೆ, ಕಾಲಲ್ಲಿ ಒತ್ತುವ ರಡ್ಡರ್ ಮೂತಿಯನ್ನು ಎಡಬಲಕ್ಕೆ ಹೊರಳಿಸುತ್ತದೆ. ಕಾರು ನಡೆಸಿ ರೂಢಿಯಾದವರು ರಡ್ಡರನ್ನು ಮರೆಯುವುದು ಸಾಮಾನ್ಯ. ಆದರೆ ಟೇಕಾಫ್‌ನಲ್ಲಿ ಪೂರ್ಣ ಶಕ್ತಿ ಕೊಟ್ಟಾಗ ಹೆಚ್ಚಿನ ಲಘು ವಿಮಾನಗಳ ಮೂತಿ ಎಡಕ್ಕೆ ಎಳೆಯುತ್ತದೆ. ಬಲಗಾಲು ಒತ್ತದಿದ್ದರೆ ರನ್‌ವೇಯ ನಡುಗೆರೆ ತಪ್ಪುತ್ತದೆ. ನೇರವಾಗಿ ಸಮಮಟ್ಟದಲ್ಲಿ ಹಾರುವುದು, ಏರುವುದು, ಇಳಿಯುವುದು, ತಿರುಗುವುದು ಒಂದರ ಹಿಂದೊಂದು ಬರುತ್ತವೆ. ಹೊಸಬರ ಕಣ್ಣು ಮಾಪಕಗಳಿಗೆ ಅಂಟಿಕೊಳ್ಳುತ್ತದೆ. ಅದನ್ನು ಬಿಡಿಸಿ, ದಿಗಂತ ನೋಡಿ ಹಾರುವುದನ್ನು ಕಲಿಸಲು ಕೆಲವೊಮ್ಮೆ ತರಬೇತುದಾರರು ಮಾಪಕವನ್ನು ಕೈಯಲ್ಲಿ ಮುಚ್ಚುವುದೂ ಉಂಟು.

ಇವುಗಳ ನಂತರ ಬರುವ ಸ್ಟಾಲ್ ಪಾಠವನ್ನು ಎಷ್ಟು ಒತ್ತಿ ಹೇಳಿದರೂ ಸಾಲದು. ಸ್ಟಾಲ್ ಎಂದರೆ ಎಂಜಿನ್ ನಿಲ್ಲುವುದೆಂಬ ತಪ್ಪುಕಲ್ಪನೆ ಇದೆ. ಎಂಜಿನ್‌ಗೂ ಅದಕ್ಕೂ ಸಂಬಂಧವಿಲ್ಲ. ಎದುರಿನ ಗಾಳಿಗೆ ರೆಕ್ಕೆ ಒಡ್ಡುವ ಕೋನ ಸುಮಾರು 15-16 ಡಿಗ್ರಿ ದಾಟಿದಾಗ, ರೆಕ್ಕೆಯ ಮೇಲ್ಮೈಗೆ ಅಂಟಿ ಹರಿಯುತ್ತಿದ್ದ ಗಾಳಿ ಕಿತ್ತು ಬಂದು ಎತ್ತುವ ಬಲ ಕುಸಿಯುತ್ತದೆ. ಆಗ ಮನುಷ್ಯನ ಸಹಜ ಪ್ರವೃತ್ತಿ ಮೂತಿಯನ್ನು ಇನ್ನಷ್ಟು ಮೇಲೆಳೆಯುವುದು. ಮಾಡಬೇಕಾದ್ದು ಮುಂದಕ್ಕೆ ತಳ್ಳಿ ಕೋನ ಇಳಿಸುವುದು. ಸಹಜ ಪ್ರವೃತ್ತಿಯನ್ನೇ ತಿದ್ದಬೇಕಾದ ಪಾಠವಾದ್ದರಿಂದ ಇದನ್ನು ಪುಸ್ತಕದಿಂದ ಕಲಿಯಲಾಗದು. ಸಾಕಷ್ಟು ಎತ್ತರದಲ್ಲಿ, ತರಬೇತುದಾರರ ಜೊತೆ ಮತ್ತೆಮತ್ತೆ ಮಾಡಿಯೇ ಕಲಿಯಬೇಕು. ತಿರುವಿನಲ್ಲಿ ಸ್ಟಾಲ್ ಇನ್ನೂ ಬೇಗ ಬರುತ್ತದೆ. 60 ಡಿಗ್ರಿ ಓರೆಯಲ್ಲಿ ಎತ್ತರ ಕಾಯ್ದುಕೊಂಡು ತಿರುಗಿದರೆ ರೆಕ್ಕೆ ಎರಡರಷ್ಟು ಭಾರ ಹೊರಬೇಕು, ಸ್ಟಾಲ್ ಆಗುವ ವೇಗ ಶೇ. 41ರಷ್ಟು ಹೆಚ್ಚುತ್ತದೆ. 48 ನಾಟ್‌ನಲ್ಲಿ ಸ್ಟಾಲ್ ಆಗುವ ವಿಮಾನ ಅಲ್ಲಿ 68 ನಾಟ್‌ನಲ್ಲೇ ಕುಸಿಯುತ್ತದೆ. ಇಳಿಯುವ ಮುನ್ನ ರನ್‌ವೇ ಕಡೆಗೆ ತಿರುಗುವ ಕೊನೆಯ ತಿರುವು ಲಘು ವಿಮಾನಗಳ ಅನೇಕ ದುರಂತಗಳ ಜಾಗವಾಗಿರುವುದು ಈ ಕಾರಣಕ್ಕೆ. ಅಲ್ಲಿ ಎತ್ತರ ಕಡಿಮೆ, ತಿದ್ದಿಕೊಳ್ಳಲು ಸಮಯ ಇರುವುದಿಲ್ಲ.

ಆಮೇಲೆ ಬಹುಕಾಲ ಹಿಡಿಯುವುದು ಸರ್ಕ್ಯೂಟ್ ಅಭ್ಯಾಸ. ಮೇಲೇರಿ, ನೆಲದಿಂದ ಸುಮಾರು 1000 ಅಡಿ ಎತ್ತರದಲ್ಲಿ ರನ್‌ವೇ ಸುತ್ತ ಆಯತಾಕಾರದಲ್ಲಿ ಬಂದು ಇಳಿಯುವುದು, ಮತ್ತೆ ಏರುವುದು. ನೆಲ ಹತ್ತಿರವಾದಂತೆ ಥ್ರಾಟಲ್ ಇಳಿಸಿ, ಮೂತಿಯನ್ನು ಹದವಾಗಿ ಎತ್ತಿ, ವೇಗ ಕರಗುತ್ತಿದ್ದಂತೆ ಹಿಂದಿನ ಚಕ್ರಗಳ ಮೇಲೆ ಕೂರಿಸಬೇಕು. ಅಂದಾಜು ತಪ್ಪಿದೆ ಎನಿಸಿದರೆ ಪೂರ್ಣ ಶಕ್ತಿ ಕೊಟ್ಟು ಮತ್ತೆ ಮೇಲೇರುವುದು ಸೋಲಲ್ಲ, ಒಳ್ಳೆಯ ತೀರ್ಮಾನ. ವಿದ್ಯಾರ್ಥಿ ಇದನ್ನು ಯಾರೂ ಹೇಳದೆ ತಾನಾಗಿ ಮಾಡಲಾರಂಭಿಸಿದಾಗ, ಒಬ್ಬನೇ ಹಾರಲು ತಯಾರಾಗುತ್ತಿದ್ದಾನೆ ಎಂದು ಅನುಭವಿ ತರಬೇತುದಾರರು ತಿಳಿಯುತ್ತಾರೆ. ಒಂದು ದಿನ ಅವರು ವಿಮಾನದಿಂದ ಇಳಿದು, ಒಂದು ಸುತ್ತು ಹೋಗಿ ಬಾ ಎನ್ನುತ್ತಾರೆ. ಇದೇ ಮೊದಲ ಸೋಲೊ. ಅವರ ಭಾರ ಇಲ್ಲದ ಕಾರಣ ವಿಮಾನ ಎಂದಿಗಿಂತ ಬೇಗ ನೆಲ ಬಿಡುತ್ತದೆ. ಈ ಸಂಗತಿಯನ್ನು ಮೊದಲೇ ಹೇಳಿರದಿದ್ದರೆ ಹೊಸ ಪೈಲಟ್ ಗಾಬರಿಯಾಗುತ್ತಾನೆ.

ದಖ್ಖನ್ ಪ್ರಸ್ಥಭೂಮಿಯಲ್ಲಿ ಕಲಿಯುವವರು ಎತ್ತರ ಮತ್ತು ಬಿಸಿಲಿನ ಲೆಕ್ಕವನ್ನು ವಿಶೇಷವಾಗಿ ಅರಿಯಬೇಕು. ಜಕ್ಕೂರು ಸಮುದ್ರಮಟ್ಟದಿಂದ ಸುಮಾರು 3000 ಅಡಿ ಎತ್ತರದಲ್ಲಿದೆ. ಏಪ್ರಿಲ್ ಮಧ್ಯಾಹ್ನ 35 ಡಿಗ್ರಿ ಸೆಲ್ಸಿಯಸ್ ಬಿಸಿಲಿದ್ದರೆ ಅಲ್ಲಿನ ಗಾಳಿ 6000 ಅಡಿ ಎತ್ತರದ ಗಾಳಿಯಷ್ಟು ತೆಳುವಾಗಿರುತ್ತದೆ. ಎಂಜಿನ್‌ನ ಶಕ್ತಿ ಐದರಲ್ಲೊಂದು ಭಾಗದಷ್ಟು ಕುಗ್ಗುತ್ತದೆ, ರನ್‌ವೇ ಹೆಚ್ಚು ಬೇಕಾಗುತ್ತದೆ, ಏರುವಿಕೆ ನಿಧಾನವಾಗುತ್ತದೆ. ಮುಂಜಾನೆಯ ತಂಪಿನಲ್ಲಿ ಪಾಠ ಇಟ್ಟುಕೊಳ್ಳುವುದಕ್ಕೆ ಇದೂ ಒಂದು ಕಾರಣ.

ಮುಂದಿನ ಹಂತ ದೂರದ ಹಾರಾಟ. ಬೆಂಗಳೂರಿನಿಂದ ಹುಬ್ಬಳ್ಳಿಗೆ ನಕ್ಷೆಯ ಮೇಲೆ ನೇರ ಗೆರೆ ಎಳೆದರೆ ಅದು ಸುಮಾರು 200 ನಾಟಿಕಲ್ ಮೈಲಿ ಉದ್ದವಾಗಿ, ಬಹುಮಟ್ಟಿಗೆ ದಾವಣಗೆರೆಯ ಮೇಲೆಯೇ ಹಾಯುತ್ತದೆ. ಜಕ್ಕೂರಿನಿಂದ ದಾವಣಗೆರೆ ಸುಮಾರು 128 ನಾಟಿಕಲ್ ಮೈಲಿ; 100 ನಾಟ್ ವೇಗದ ವಿಮಾನಕ್ಕೆ ಗಾಳಿಯಿಲ್ಲದ ದಿನ 77 ನಿಮಿಷ. ಪಡುವಣದಿಂದ 20 ನಾಟ್ ಗಾಳಿ ಬೀಸುತ್ತಿದ್ದರೆ ಮೂತಿಯನ್ನು ಏಳು ಡಿಗ್ರಿಗೂ ಹೆಚ್ಚು ಎಡಕ್ಕೆ ಹಿಡಿಯಬೇಕು, ನೆಲದ ಮೇಲಿನ ವೇಗ 84 ನಾಟ್‌ಗೆ ಇಳಿದು 91 ನಿಮಿಷ ಬೇಕಾಗುತ್ತದೆ. ಹೆಚ್ಚಾದ 14 ನಿಮಿಷಕ್ಕೆ ಸೆಸ್ನಾ 172 ವಿಮಾನ ಸುಮಾರು ಏಳು ಲೀಟರ್ ಇಂಧನ ಕುಡಿಯುತ್ತದೆ. ಈ ಲೆಕ್ಕವನ್ನು ಹೊರಡುವ ಮೊದಲೇ ಕಾಗದದ ಮೇಲೆ ಮಾಡಿರಬೇಕು. ದಾರಿಯಲ್ಲಿ ನೆಲದ ಗುರುತುಗಳೇ ಸಾಕ್ಷಿ: ಚಿತ್ರದುರ್ಗದ ಕೋಟೆಬೆಟ್ಟ ಮತ್ತು ಸುತ್ತಲಿನ ಗಾಳಿಯಂತ್ರಗಳು, ಎಡಕ್ಕೆ ದೂರದಲ್ಲಿ ಸೂಳೆಕೆರೆಯ ವಿಶಾಲ ನೀರು, ರಾಷ್ಟ್ರೀಯ ಹೆದ್ದಾರಿ 48, ದಾವಣಗೆರೆ ನಗರ, ಅದರಾಚೆ ಹರಿಹರದಲ್ಲಿ ತುಂಗಭದ್ರೆಯನ್ನು ದಾಟುವ ಸೇತುವೆಗಳು. ಹೊಳೆ ಮತ್ತು ಸೇತುವೆ ಕೂಡುವಂಥ ಗುರುತು ಮೇಲಿನಿಂದ ತಪ್ಪುವುದು ಕಷ್ಟ. ಊರಿಗಿಂತ ಅದನ್ನೇ ನಂಬಬೇಕೆಂದು ಕಲಿಸುತ್ತಾರೆ.

ಎಂಜಿನ್ ನಿಂತರೆ ಏನು ಮಾಡಬೇಕೆಂಬ ಪಾಠಕ್ಕೂ ಇದೇ ನೆಲ ಒಳ್ಳೆಯ ನಿದರ್ಶನ. ಸೆಸ್ನಾ 172 ಎಂಜಿನ್ ಇಲ್ಲದೆಯೂ ಇಳಿಯುವ ಎತ್ತರದ ಸುಮಾರು ಒಂಬತ್ತು ಪಟ್ಟು ದೂರ ತೇಲಬಲ್ಲದು; ನೆಲದಿಂದ 3000 ಅಡಿಯಲ್ಲಿದ್ದರೆ ಸುಮಾರು ಎಂಟು ಕಿಲೋಮೀಟರ್. ಅಷ್ಟರೊಳಗೆ ಹೊಲ ಆರಿಸಬೇಕು. ಭದ್ರಾ ಅಚ್ಚುಕಟ್ಟಿನ ನಾಟಿ ಮಾಡಿದ ಗದ್ದೆ ಮೇಲಿನಿಂದ ಹಸಿರಾಗಿ ಸಮತಟ್ಟಾಗಿ ಕಂಡರೂ ಕೆಸರಿನಲ್ಲಿ ಚಕ್ರ ಹೂತು ವಿಮಾನ ಮಗುಚುವ ಅಪಾಯವಿದೆ. ಚನ್ನಗಿರಿ ಕಡೆಯ ಅಡಿಕೆ ತೋಟ ಲೆಕ್ಕಕ್ಕೇ ಇಲ್ಲ. ಕೊಯ್ಲಾದ ಮೆಕ್ಕೆಜೋಳದ ಹೊಲ, ಗಾಳಿಗೆ ಎದುರಾಗಿ ಉದ್ದವಿದ್ದು ವಿದ್ಯುತ್ ತಂತಿಗಳಿಲ್ಲದಿದ್ದರೆ, ಎಲ್ಲಕ್ಕಿಂತ ಲೇಸು. 2023ರ ಮೇ ತಿಂಗಳಲ್ಲಿ ಬೆಳಗಾವಿಯ ಸಾಂಬ್ರಾ ನಿಲ್ದಾಣದಿಂದ ಹೊರಟ ತರಬೇತಿ ವಿಮಾನವೊಂದು ಹೊನ್ನಿಹಾಳದ ಬಳಿ ಹೊಲದಲ್ಲಿ ತುರ್ತಾಗಿ ಇಳಿಯಿತು. ತರಬೇತುದಾರರೂ ವಿದ್ಯಾರ್ಥಿಯೂ ಬದುಕುಳಿದರು.

ಭಾರತದಲ್ಲಿ ಪರವಾನಗಿ ಕೊಡುವುದು ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ (ಡಿಜಿಸಿಎ). ಹತ್ತನೇ ತರಗತಿ ಪಾಸಾದ, 16 ವರ್ಷ ತುಂಬಿದವರು ವಿದ್ಯಾರ್ಥಿ ಪೈಲಟ್ ಪರವಾನಗಿ ಪಡೆಯಬಹುದು. ಖಾಸಗಿ ಪೈಲಟ್ ಪರವಾನಗಿಗೆ 17 ವರ್ಷ ಮತ್ತು ಕನಿಷ್ಠ 40 ಗಂಟೆಗಳ ಹಾರಾಟ ಬೇಕು. ಸಂಬಳಕ್ಕೆ ಹಾರಲು ಬೇಕಾದ ವಾಣಿಜ್ಯ ಪರವಾನಗಿಗೆ 18 ವರ್ಷ, 200 ಗಂಟೆ. ಪಿಯುಸಿಯಲ್ಲಿ ಭೌತಶಾಸ್ತ್ರ, ಗಣಿತ ಓದಿರಬೇಕೆಂಬುದು ಬಹುಕಾಲದಿಂದ ಇರುವ ನಿಯಮ. ವೈಮಾನಿಕ ಕಾನೂನು, ಪಥನಿರ್ಣಯ, ಹವಾಮಾನ, ವಿಮಾನ ಮತ್ತು ಎಂಜಿನ್ ವಿಷಯಗಳ ಲಿಖಿತ ಪರೀಕ್ಷೆಗಳಲ್ಲಿ ಶೇ. 70 ಅಂಕ ಬರಬೇಕು. ರೇಡಿಯೊ ಬಳಸಲು ಬೇರೆಯೇ ಪರೀಕ್ಷೆಯುಂಟು. ಹಾರಿದ ಪ್ರತಿ ನಿಮಿಷವೂ ಲಾಗ್‌ಬುಕ್‌ನಲ್ಲಿ ದಾಖಲಾಗುತ್ತದೆ.

ಜಕ್ಕೂರಿನ ಸ್ಥಿತಿ ಈಗ ಮೊದಲಿನಂತಿಲ್ಲ. ಹೊರವಲಯದ ಬಯಲಾಗಿದ್ದ ಜಾಗವನ್ನು ನಗರ ಸುತ್ತುವರಿದಿದೆ. ಪಕ್ಕದಲ್ಲೇ ಯಲಹಂಕ ವಾಯುಪಡೆ ನೆಲೆ, ಇಪ್ಪತ್ತು ಕಿಲೋಮೀಟರಿಗೂ ಒಳಗೆ 2008ರಲ್ಲಿ ತೆರೆದ ಕೆಂಪೇಗೌಡ ಅಂತರರಾಷ್ಟ್ರೀಯ ವಿಮಾನ ನಿಲ್ದಾಣ. ಪುಟ್ಟ ವಿಮಾನಗಳಿಗೆ ಉಳಿದಿರುವ ಆಕಾಶ ಕಿರಿದು. ಕಲಿಕೆಗೆ ಬೇಕಾದ ಬಯಲು ಆಕಾಶ ಈಗ ಉತ್ತರ ಕರ್ನಾಟಕದಲ್ಲಿದೆ. 2021ರಲ್ಲಿ ಭಾರತೀಯ ವಿಮಾನ ನಿಲ್ದಾಣ ಪ್ರಾಧಿಕಾರ ಹೊಸ ತರಬೇತಿ ಸಂಸ್ಥೆಗಳಿಗೆಂದು ದೇಶದಲ್ಲಿ ಆರಿಸಿದ ಐದು ನಿಲ್ದಾಣಗಳಲ್ಲಿ ಬೆಳಗಾವಿ ಮತ್ತು ಕಲಬುರಗಿ ಎರಡೂ ಇದ್ದವು.

ದಾವಣಗೆರೆಯಲ್ಲಿ ನಾಗರಿಕ ವಿಮಾನ ನಿಲ್ದಾಣವಾಗಲಿ ಹಾರಾಟ ಶಾಲೆಯಾಗಲಿ ಇಲ್ಲ. ಹತ್ತಿರದ ನಿಲ್ದಾಣ 2023ರಲ್ಲಿ ಆರಂಭವಾದ ಶಿವಮೊಗ್ಗದ ಸೋಗಾನೆಯದು. ಆದ್ದರಿಂದ ಅಲ್ಲಿನ ವಿದ್ಯಾರ್ಥಿಗಳು ಊರು ಬಿಟ್ಟು ಹೋಗಿಯೇ ಕಲಿಯಬೇಕು. ವಾಣಿಜ್ಯ ಪರವಾನಗಿಯವರೆಗಿನ ಖರ್ಚು ಹತ್ತಾರು ಲಕ್ಷ ರೂಪಾಯಿ. ಬಣ್ಣ ಗುರುತಿಸುವ ದೋಷದಂಥ ಕಾರಣಕ್ಕೆ ಕೊನೆಯಲ್ಲಿ ಅನರ್ಹರಾಗಿ ಹಣ ಕಳೆದುಕೊಳ್ಳುವುದು ತಪ್ಪಬೇಕಾದರೆ, ಶುಲ್ಕ ಕಟ್ಟುವ ಮೊದಲೇ ಡಿಜಿಸಿಎ ಮಾನ್ಯತೆಯ ವೈದ್ಯರಲ್ಲಿ ಎರಡನೇ ದರ್ಜೆಯ ತಪಾಸಣೆ, ವೃತ್ತಿಗೆ ಹೋಗುವವರಾದರೆ ಒಂದನೇ ದರ್ಜೆಯ ತಪಾಸಣೆಯನ್ನೂ ಮಾಡಿಸಿಕೊಳ್ಳಬೇಕು. ಸಂಸ್ಥೆಯ ಬಳಿ ಹಾರುವ ಸ್ಥಿತಿಯಲ್ಲಿರುವ ವಿಮಾನಗಳೆಷ್ಟು, ತರಬೇತುದಾರರೆಷ್ಟು ಎಂಬುದನ್ನು ಸ್ಥಳಕ್ಕೆ ಹೋಗಿ ಕೇಳಿ ತಿಳಿದ ಮೇಲೆಯೇ ಸೇರುವುದು ಒಳ್ಳೆಯದು.